ಮಧ್ಯೆ ಆಂಧ್ರ ಬರುತ್ತೆ

ತುಮಕೂರಿನಿಂದ ಪಾವಗಡಕ್ಕೆ ಹೊರಟ ಬಸ್ಸು ಮಧುಗಿರಿ, ಮಿಡಿಗೇಶಿ ದಾಟಿದ ಮೇಲೆ ಸದ್ದಿಲ್ಲದೆ ಆಂಧ್ರದೊಳಗೆ ನುಗ್ಗುತ್ತೆ. ಹೊರಟಿದ್ದು ಕರ್ನಾಟಕ, ತಲುಪೋದು ಕರ್ನಾಟಕ, ಜಿಲ್ಲೆ ಕೂಡ ಒಂದೇ. ಆದರೂ ನಡುವೆ ಒಂದಷ್ಟು ದೂರ ಅಂಗಡಿ ಬೋರ್ಡುಗಳೆಲ್ಲ ತೆಲುಗಿಗೆ ತಿರುಗಿ, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಕನ್ನಡಕ್ಕೆ ಬರುತ್ತವೆ. ಕಿಟಕಿ ಪಕ್ಕ ತೂಕಡಿಸುತ್ತಾ ಕೂತವರಿಗೆ ಇದು ಗೊತ್ತೇ ಆಗಲ್ಲ. ನಕಾಶೆ ತೆಗೆದು ನೋಡಿ, ನಮ್ಮ ತಾಲ್ಲೂಕು ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡೇ ಇಲ್ಲ. ಮನೆಯವರ ಮೇಲೆ ಸಿಟ್ಟು ಮಾಡಿಕೊಂಡು ಪಕ್ಕದ ಮನೆ ಜಗಲಿ ಮೇಲೆ ಹೋಗಿ ಕೂತ ಮಗನ ಥರ ಕಾಣುತ್ತೆ.

ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಓದುವಾಗ ನನಗೆ ಈ ಬಸ್ಸೇ ನೆನಪಾಗಿದ್ದು. ಅವರು ಕೇಳಿಕೊಂಡಿದ್ದ ಪ್ರಶ್ನೆ ಸರಳವಾದದ್ದು: ಲಾಮಾ-2 ಅನ್ನೋ ಲ್ಯಾಂಗ್ವೇಜ್ ಮಾಡೆಲ್ ಬೇರೆ ಬೇರೆ ಭಾಷೆಯಲ್ಲಿ ಉತ್ತರ ಕೊಡುತ್ತಲ್ಲ, ಒಳಗೊಳಗೆ ಅದು ಕೆಲಸ ಮಾಡೋದು ಇಂಗ್ಲಿಷಿನಲ್ಲೇ?

ಇಂಥ ಮಾಡೆಲ್ಲಿನ ಒಳಗೆ ಪದಗಳಿರಲ್ಲ, ಅಂಕಿಗಳಿರುತ್ತವೆ. ನೀವು ಟೈಪ್ ಮಾಡಿದ ಒಂದೊಂದು ತುಣುಕೂ ಅಂಕಿಗಳ ಒಂದು ಉದ್ದ ಸಾಲಾಗಿ ಬದಲಾಗಿ, ಪದರದಿಂದ ಪದರಕ್ಕೆ ತಿದ್ದಿಸಿಕೊಳ್ಳುತ್ತಾ ಹೋಗುತ್ತೆ. ಲಾಮಾ-2ರ ಚಿಕ್ಕ ಆವೃತ್ತಿಯಲ್ಲಿ ಒಂದು ಸಾಲಿಗೆ 4,096 ಅಂಕಿ, ಒಟ್ಟು 32 ಪದರ. ಕೊನೆಯ ಪದರ ದಾಟಿದ ಮೇಲೆ ಅಂಕಿಗಳು ಮತ್ತೆ ಪದವಾಗುತ್ತವೆ. ಈ ಸಂಶೋಧಕರು ಕೊನೆಯ ಸ್ಟಾಪಿನವರೆಗೆ ಕಾಯಲಿಲ್ಲ. ಮಧ್ಯದ ಪದರದಲ್ಲೇ ಬಸ್ಸು ನಿಲ್ಲಿಸಿ, 'ಈಗಲೇ ಪದವಾಗು ನೋಡೋಣ' ಅಂದರು. ಫ್ರೆಂಚಿನಲ್ಲಿ ಹೂವಿಗೆ ಏನಂತಾರೋ ಅದನ್ನು ಕೊಟ್ಟು ಚೀನಿ ಭಾಷೆಗೆ ಅನುವಾದ ಮಾಡು ಅಂದಾಗ, ಮಧ್ಯದ ಪದರಗಳಲ್ಲಿ ಇಣುಕಿದ್ದು ಇಂಗ್ಲಿಷಿನ 'ಫ್ಲವರ್'. ಲಾಮಾ-2 ಓದಿದ ಪಠ್ಯದಲ್ಲಿ ಹೆಚ್ಚೂಕಡಿಮೆ ಶೇ. 90ರಷ್ಟು ಇಂಗ್ಲಿಷೇ ಇದ್ದದ್ದರಿಂದ ಇದರಲ್ಲಿ ಆಶ್ಚರ್ಯ ಏನಿಲ್ಲ. ಅವರು ಪರೀಕ್ಷೆ ಮಾಡಿದ ಭಾಷೆಗಳಲ್ಲಿ ಕನ್ನಡ ಇರಲಿಲ್ಲ ಅನ್ನೋದರಲ್ಲೂ ಆಶ್ಚರ್ಯ ಇಲ್ಲ ಬಿಡಿ.

ನನ್ನ ಸ್ನೇಹಿತರಲ್ಲಿ ಒಂದಿಬ್ಬರು ಇದನ್ನ ಓದಿ 'ನೋಡ್ದಾ, ಎಐ ಯೋಚನೆ ಮಾಡೋದೇ ಇಂಗ್ಲಿಷಲ್ಲಿ' ಅಂದರು. ಪ್ರಬಂಧ ಬರೆದವರೇ ಅಷ್ಟು ಸಲೀಸಾಗಿ ಹಾಗೆ ಹೇಳಿಲ್ಲ. ಒಳಗಿರೋದು ಪರಿಕಲ್ಪನೆಗಳ ಒಂದು ಜಾಗ, ಅದು ಇಂಗ್ಲಿಷಿಗೆ ಹೆಚ್ಚು ಹತ್ತಿರ ಇದೆ ಅನ್ನೋದು ಅವರ ವ್ಯಾಖ್ಯಾನ. ಪಾವಗಡದವನಾಗಿ ನನಗೂ ಆ ಎಚ್ಚರಿಕೆಯೇ ಸರಿ ಅನ್ನಿಸುತ್ತೆ.

ಯಾಕಂದ್ರೆ ನಮ್ಮ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಬಿ.ಇ.ಗೆ ಬಂದಮೇಲೆ ಇಂಗ್ಲಿಷು. ನಮ್ಮಲ್ಲಿ ಅವ್ವ ಅಂದರೆ ಅಜ್ಜಿ. ಕಡ್ಲೆಕಾಯಿ ಮೂಟೆ ಹೊರೆಸುವಾಗ ವ್ಯಾಪಾರಿ ಜೊತೆ ಅವ್ವನ ಮಾತು ಕನ್ನಡ, ಜಗಳಾನೂ ಕನ್ನಡ. ಆದರೆ ತುಟಿಯೊಳಗೆ ಎಣಿಕೆ ಮಾತ್ರ ಒಕಟಿ, ರೆಂಡು, ಮೂಡು. ಹಾಗಂತ ಅವ್ವ ತೆಲುಗಿನಲ್ಲಿ ಯೋಚನೆ ಮಾಡ್ತಿದ್ದಳು ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. ಕಣ್ಣೆದುರು ಇದ್ದದ್ದು ಮೂಟೆ. ಮನಸ್ಸಿನಲ್ಲಿ ಇದ್ದದ್ದು ಈ ಸಲದ ಸಾಲ ತೀರುತ್ತೋ ಇಲ್ಲವೋ ಅನ್ನೋದು. ಅದಕ್ಕೆ ಯಾವ ಭಾಷೆ ಅಂತ ಹೇಳ್ತೀರಿ?

ಆದರೆ ದಾರಿ ಯಾವ ಊರಿನ ಮೇಲೆ ಹಾದುಹೋಗುತ್ತೆ ಅನ್ನೋದರಿಂದ ಏನೂ ವ್ಯತ್ಯಾಸ ಆಗಲ್ಲ ಅಂತಲೂ ಅಲ್ಲ. ತೆಲುಗಿನಲ್ಲಿ 'ನಮ್ಮ' ಅನ್ನೋದಕ್ಕೆ ಎರಡು ಪದ ಇದೆ. 'ಮನ ಚೇನು' ಅಂದರೆ ಕೇಳಿಸಿಕೊಳ್ತಿರೋ ನೀನೂ ಸೇರಿದಂತೆ ನಮ್ಮ ಹೊಲ. 'ಮಾ ಚೇನು' ಅಂದರೆ ನಿನ್ನನ್ನು ಬಿಟ್ಟು ನಮ್ಮ ಹೊಲ. ಕನ್ನಡಕ್ಕೆ ಬಂದರೆ ಎರಡೂ 'ನಮ್ಮ ಹೊಲ' ಆಗಿಬಿಡುತ್ತೆ. ಭಾಗ ಆದ ಮನೆಗಳಲ್ಲಿ ಈ ಒಂದು ಪದ ಯಾವತ್ತಿಂದ ಬದಲಾಯ್ತು ಅಂತ ವರ್ಷಗಟ್ಟಲೆ ನೆನಪಿಟ್ಟುಕೊಳ್ತಾರೆ. ಇನ್ನು ಇಂಗ್ಲಿಷಿಗೆ ಹೋದರೆ ಅಕ್ಕನೂ ಒಂದೇ ತಂಗಿಯೂ ಒಂದೇ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲ ಸೇರಿ ಒಬ್ಬ ಅಂಕಲ್. ಹಾಗಾದರೆ ಮಧ್ಯೆ ಇಂಗ್ಲಿಷ್ ಬರುವ ದಾರಿಯಲ್ಲಿ ನಮ್ಮ ಸಾಮಾನು ಬಿದ್ದುಹೋಗುತ್ತಾ? ಬೀಳಲೇಬೇಕು ಅಂತೇನೂ ಇಲ್ಲ. ಇಂಗ್ಲಿಷ್ ಪದ ಒಂದೇ ಆದ ಮಾತ್ರಕ್ಕೆ ಒಳಗಿನ ಸಾವಿರಾರು ಅಂಕಿಗಳೂ ಒಂದೇ ಆಗಿರಬೇಕಿಲ್ಲ. ಅಕ್ಕ ಒಂದು ಕಡೆಗೆ, ತಂಗಿ ಇನ್ನೊಂದು ಕಡೆಗೆ ಸ್ವಲ್ಪ ವಾಲಿರಬಹುದು. ಒಳಗೆ ನೋಡದೆ ಇದನ್ನು ಹೇಳೋಕಾಗಲ್ಲ. ಹೊರಗಿನಿಂದ ಕೇಳಿ ತಿಳ್ಕೊಳ್ಳೋದು ಯಾಕೆ ಸಾಲದು ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು ನಮ್ಮ ಚಿಕ್ಕಪ್ಪನ ದೆಸೆಯಿಂದ.

ಚಿಕ್ಕಪ್ಪನ ಆರು ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ. ಬೆಂಗಳೂರಿನವರಿಗೆ ಪಾವಗಡ ಅಂದರೆ ಒಂದು ಶನಿಮಹಾತ್ಮನ ಗುಡಿ, ಇನ್ನೊಂದು ಈ ಸೋಲಾರ್ ಪಾರ್ಕು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಅನ್ನೋ ಐದು ಊರಿನ ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಯಾರೂ ಮಾರಿಲ್ಲ, 28 ವರ್ಷಕ್ಕೆ ಗುತ್ತಿಗೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಹಾಕಿ ಕೈ ಸುಟ್ಟುಕೊಂಡವರಿಗೆ ಇದು ಕಡಿಮೆ ದುಡ್ಡಲ್ಲ. ಜಮೀನಿಲ್ಲದೆ ಕೂಲಿ ಮಾಡ್ತಿದ್ದವರ ಕಥೆ ಬೇರೆ. ಅದನ್ನು ಹೇಳೋಕೆ ಹೊರಟರೆ ಈ ಅಂಕಣ ಸಾಲಲ್ಲ.

ಒಂದು ಭಾನುವಾರ ಚಿಕ್ಕಪ್ಪ ಹಳೇ ಪಾಸ್‌ಬುಕ್ ಮುಂದಿಟ್ಟುಕೊಂಡು ಫೋನಿನ ಚಾಟ್‌ಬಾಟಿಗೆ ಬಾಯಲ್ಲೇ ಪ್ರಶ್ನೆ ಕೇಳಿದ್ದಾನೆ. ಎಕರೆಗೆ 21,000, ಎರಡು ವರ್ಷಕ್ಕೊಂದು ಸಲ ಶೇ. 5 ಜಾಸ್ತಿ, ಎರಡು ವರ್ಷ ಆದಮೇಲೆ ಎಷ್ಟು? ಅದು 23,152 ರೂಪಾಯಿ 50 ಪೈಸೆ ಅಂದಿದೆ. ಪಾಸ್‌ಬುಕ್‌ನಲ್ಲಿ ಬಂದಿದ್ದು 22,050ರ ಲೆಕ್ಕ. ತಕ್ಷಣ ನನಗೆ ಫೋನು.

'ಲೋ, ಎಕರೆಗೆ ಸಾವಿರದ ನೂರು ಚಿಲ್ಲರೆ ನುಂಗವ್ರೆ ಕಣೋ. ನಾಳೆ ನಾಕು ಜನ ಸೇರ್ಕಂಡು ಆಫೀಸಿಗೆ ಹೋಗ್ತಿದ್ದೀವಿ.'

'ಇರು ಚಿಕ್ಕಪ್ಪ. ಪೇಪರ್ ಮೇಲೆ ಒಂದ್ಸಲ ಹಾಕಿ ನೋಡು.'

'ಪೇಪರ್ ಮೇಲೆ ಹಾಕಿದ್ರೆ ಇಪ್ಪತ್ತೆರಡು ಸಾವಿರದ ಐವತ್ತೇ ಬರ್ತೈತೆ. ಆದ್ರೆ ನಾನು ಅದನ್ನ ಹೆಂಗೆ ಅಂತ ಕೇಳ್ದೆ ಕಣೋ. ಎರಡು ವರ್ಷಕ್ಕೊಮ್ಮೆ ಶೇಕಡಾ ಐದರಂತೆ ಲೆಕ್ಕ ಹಾಕಿದ್ದೇನೆ ಅಂತ ಎಷ್ಟು ನೀಟಾಗಿ ಹೇಳ್ತು ಗೊತ್ತಾ?'

23,152.50 ಅಂದರೆ ಪ್ರತಿ ವರ್ಷ ಶೇ. 5ರಂತೆ ಎರಡು ಸಲ ಏರಿಸಿದಾಗ ಬರುವ ಮೊತ್ತ. ಅಂದರೆ ಅದು ಮಾಡಿದ ಲೆಕ್ಕ ಒಂದು, ಮಾಡಿದೆ ಅಂತ ಹೇಳಿದ ಲೆಕ್ಕ ಇನ್ನೊಂದು. ಆರು ಎಕರೆಗೆ 6,615 ರೂಪಾಯಿ ಇಲ್ಲದ ಬಾಕಿ. ಕೂಡೋದು ಕಳೆಯೋದು ನನಗಿಂತ ಚೆನ್ನಾಗಿ ಬರುವ ಮನುಷ್ಯ, ಕೈಯಲ್ಲಿ ಹಾಕಿದ ಸರಿಯಾದ ಲೆಕ್ಕವನ್ನು ಪಕ್ಕಕ್ಕಿಟ್ಟು ಫೋನನ್ನು ನಂಬಿದ್ದ. ನಂಬಿಸಿದ್ದು ಉತ್ತರ ಅಲ್ಲ, ವಿವರಣೆ. ಫೋನಿನಲ್ಲಿ ಅರ್ಧ ಗಂಟೆ ಕೂತು ಬಿಡಿಸಿ ಹೇಳಿದ ಮೇಲೆ ನಾಲ್ಕು ಜನದ ಯಾತ್ರೆ ನಿಂತಿತು. ಆದರೂ ಅವನ ದನಿಯಲ್ಲಿ ಪೂರ್ತಿ ಒಪ್ಪಿಗೆ ಇರಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ ಆಫೀಸಿನಲ್ಲಿ ಒಂದು ಮೀಟಿಂಗು. ಗ್ರಾಹಕರೊಬ್ಬರು ನಮ್ಮ ಬಾಟ್ ಕೊಡುವ ಉತ್ತರಗಳಿಗೆ 'ಪಾರದರ್ಶಕತೆ' ಕೇಳಿದ್ದರು. ನಮ್ಮವರು ಕೊಟ್ಟ ಪರಿಹಾರ ಏನಪ್ಪಾ ಅಂದರೆ, ಪ್ರತಿ ಉತ್ತರದ ಪಕ್ಕ 'ಕಾರಣ' ಅಂತ ಒಂದು ಕಾಲಂ ಹಾಕಿ, ಅದನ್ನು ಮಾಡೆಲ್ಲಿನ ಕೈಯಲ್ಲೇ ತುಂಬಿಸೋದು. ಎಲ್ಲರಿಗೂ ಖುಷಿ. ಎರಡು ದಿನದ ಕೆಲಸ, ನೋಡೋಕೆ ಚೆನ್ನಾಗಿರುತ್ತೆ. ನಾನು ಬೇಡ ಅಂದೆ. ಯಾಕೆ ಅಂತ ಕೇಳಿದಾಗ ಚಿಕ್ಕಪ್ಪನ ಕಥೆ ಹೇಳದೆ 36ಕ್ಕೆ 59 ಕೂಡಿಸೋ ಕಥೆ ಹೇಳಿದೆ. ಸೂಟಿನವರ ಮುಂದೆ ಚಿಕ್ಕಪ್ಪ ನಡೆಯಲ್ಲ.

ಆ ಕಥೆ ಹೀಗಿದೆ. 2025ರ ಮಾರ್ಚ್‌ನಲ್ಲಿ ಆಂಥ್ರಾಪಿಕ್ ಸಂಸ್ಥೆಯವರು ತಮ್ಮದೇ ಕ್ಲಾಡ್ 3.5 ಹೈಕು ಮಾಡೆಲ್ಲಿನ ಒಳಗೆ ಲೆಕ್ಕ ಹೇಗೆ ನಡೆಯುತ್ತೆ ಅಂತ ಬಿಚ್ಚಿ ನೋಡಿದರು. 36ಕ್ಕೆ 59 ಕೂಡಿಸು ಅಂದಾಗ ಒಳಗೆ ಎರಡು ದಾರಿ ಒಟ್ಟಿಗೆ ಓಡುತ್ತವೆ. ಒಂದು ದಾರಿ ಉತ್ತರ ಸುಮಾರು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತೆ. ಇನ್ನೊಂದು ಕೊನೆಯ ಅಂಕಿಯನ್ನಷ್ಟೇ ನೋಡುತ್ತೆ: ಆರು, ಒಂಬತ್ತು ಸೇರಿದರೆ ಕೊನೆಗೆ ಐದು. ಎರಡೂ ಕೂಡಿ 95. ಸಂತೆಯಲ್ಲಿ ತರಕಾರಿ ಮಾರೋ ಹೆಂಗಸರು ಹಾಕ್ತಾರಲ್ಲ, ಹೆಚ್ಚೂಕಡಿಮೆ ಆ ಥರದ ಲೆಕ್ಕ. ಆದರೆ ಹೇಗೆ ಮಾಡಿದೆ ಅಂತ ಅದನ್ನೇ ಕೇಳಿದರೆ, ಆರೂ ಒಂಬತ್ತೂ ಹದಿನೈದು, ದಶಕ ಒಂದು ಅಂತ ನಮ್ಮ ಮೂರನೇ ಕ್ಲಾಸಿನ ಮೇಷ್ಟ್ರ ಪಾಠ ಒಪ್ಪಿಸುತ್ತೆ. ಸುಳ್ಳು ಹೇಳಬೇಕು ಅಂತ ಅಲ್ಲ. ಲೆಕ್ಕ ಮಾಡೋದನ್ನ ಕಲಿತಿದ್ದು ಒಂದು ರೀತಿ, ವಿವರಿಸೋದನ್ನ ಕಲಿತಿದ್ದು ಮನುಷ್ಯರು ಬರೆದಿಟ್ಟ ವಿವರಣೆಗಳಿಂದ. ಎರಡಕ್ಕೂ ಒಳಗೆ ಸಂಬಂಧ ಇರಲೇಬೇಕು ಅಂತ ಯಾರೂ ಕಡ್ಡಾಯ ಮಾಡಿಲ್ಲ.

ಕಾರಣದ ಕಾಲಂ ಕೊನೆಗೂ ಹೋಯಿತೋ ಇಲ್ಲವೋ ಅಂತ ಕೇಳಬೇಡಿ. ಅದೇ ಸ್ಲೈಡು ಈಗಲೂ ಓಡಾಡ್ತಿದೆ.

ಹಾಗಾದರೆ ಒಳಗೆ ನೋಡೋದು ಹೇಗೆ? ಒಂದೊಂದು ಅಂಕಿಗೂ ಒಂದೊಂದು ಅರ್ಥ ಇದ್ದಿದ್ದರೆ ಕೆಲಸ ಸುಲಭ ಇತ್ತು. ಇಲ್ಲ. ಒಂದೇ ಅಂಕಿ ಹತ್ತಾರು ಸಂಬಂಧವಿಲ್ಲದ ವಿಷಯಕ್ಕೆ ಮಿಡಿಯುತ್ತೆ. ಕನ್ನಡದ ಪಾಡು ಇನ್ನೂ ಒಂದು ಕೈ ಜಾಸ್ತಿ. ಕಂಪ್ಯೂಟರಿನ ಯುಟಿಎಫ್-8 ಲಿಪಿ ಸಂಕೇತದಲ್ಲಿ 'ಪಾವಗಡ' ಅಂತ ಕನ್ನಡದಲ್ಲಿ ಬರೆದರೆ 15 ಬೈಟು, ಇಂಗ್ಲಿಷಿನಲ್ಲಿ ಬರೆದರೆ 8. ಹಳೇ ಮಾಡೆಲ್ಲುಗಳಲ್ಲಿ ನಮ್ಮ ಒಂದೇ ಅಕ್ಷರ ಎರಡು ಮೂರು ಚೂರಾಗಿ ಒಳಗೆ ಹೋಗುತ್ತಿತ್ತು. ಅರ್ಥ ಹಾಗಿರಲಿ, ಮೊದಲು ಚೂರುಗಳನ್ನು ಜೋಡಿಸಿ ಅಕ್ಷರ ಮಾಡಿಕೊಳ್ಳಬೇಕು. 2024ರಲ್ಲಿ ಲಾಮಾ-2ಕ್ಕೆ ಕನ್ನಡದ ತುಣುಕುಗಳನ್ನು ಸೇರಿಸಿ 'ಕನ್ನಡ ಲಾಮಾ' ಮಾಡಿದವರು ಮೊದಲು ಕೈಹಾಕಿದ್ದೂ ಇಲ್ಲಿಗೇ.

ಅಂಕಿಗಳ ಈ ಗೋಜಲನ್ನು ಬಿಡಿಸೋಕೆ ಸಂಶೋಧಕರು ಒಂದು ನಿಘಂಟು ಕಟ್ಟುತ್ತಾರೆ. ಮಾಡೆಲ್ಲಿನ ಪಕ್ಕ ಇನ್ನೊಂದು ಚಿಕ್ಕ ಜಾಲ ಇಟ್ಟು, ಅಂಕಿಗಳ ಸಾಲನ್ನು ಲಕ್ಷಾಂತರ 'ಫೀಚರ್'ಗಳಾಗಿ ಒಡೆಯೋದು. ಒಂದು ಸಲಕ್ಕೆ ಅವುಗಳಲ್ಲಿ ಕೆಲವೇ ಕೆಲವು ಮಾತ್ರ ಹೊತ್ತಿಕೊಳ್ಳಬೇಕು ಅನ್ನೋದು ಷರತ್ತು. 2024ರ ಮೇ ತಿಂಗಳಲ್ಲಿ ಆಂಥ್ರಾಪಿಕ್ ಹೀಗೆ ಕ್ಲಾಡ್ 3 ಸಾನೆಟ್ ಮಾಡೆಲ್ಲನ್ನು ಒಡೆದು ನೋಡಿದಾಗ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೇ ಒಂದು ಫೀಚರ್ ಸಿಕ್ಕಿತು. ಇಂಗ್ಲಿಷಿನಲ್ಲಿ ಬರೆದರೂ, ಜಪಾನಿಯಲ್ಲಿ ಬರೆದರೂ, ಚಿತ್ರ ತೋರಿಸಿದರೂ ಅದೇ ಹೊತ್ತಿಕೊಳ್ಳುತ್ತಿತ್ತು. ಅವರು ಅದರ ತಿರುಪು ಜೋರಾಗಿ ತಿರುಗಿಸಿಬಿಟ್ಟರು. ಆಮೇಲೆ ನೀನು ಯಾರಪ್ಪಾ ಅಂದರೆ ಮಾಡೆಲ್ಲು ನಾನೇ ಗೋಲ್ಡನ್ ಗೇಟ್ ಸೇತುವೆ ಅಂತು. ಹತ್ತು ಡಾಲರ್ ಹೇಗೆ ಖರ್ಚು ಮಾಡಲಿ ಅಂದರೆ ಸೇತುವೆ ಮೇಲೆ ಕಾರು ಓಡಿಸಿ ಟೋಲ್ ಕಟ್ಟು ಅಂತು. ಒಂದು ದಿನ ಸಾರ್ವಜನಿಕರಿಗೂ ಆಡೋಕೆ ಬಿಟ್ಟಿದ್ದರು. ನಮ್ಮ ಟೀಮಿನಲ್ಲಿ ಅವತ್ತು ಯಾರೂ ಕೆಲಸ ಮಾಡಿದ ನೆನಪಿಲ್ಲ.

ನಗೋದು ನಕ್ಕಾಯ್ತು. ಆದರೆ ಆ ತಿರುಪು ತಿರುಗಿಸೋದೇ ಇಲ್ಲಿ ಮುಖ್ಯವಾದ ಹೆಜ್ಜೆ. ನಮ್ಮ ಕಡೆ ಬೋರ್ ಹಾಕಿಸೋ ಮುಂಚೆ ನೀರು ನೋಡೋರನ್ನು ಕರೆಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ, ಒಂದು ಕಡೆ ಕಾಯಿ ಎದ್ದು ನಿಲ್ಲುತ್ತೆ, ಅಲ್ಲಿಗೆ ಕಲ್ಲಿಡು. ಕೆಲವರು ಜಿಯಾಲಜಿಸ್ಟನ್ನು ಕರೆಸ್ತಾರೆ. ಅವರು ನೆಲಕ್ಕೆ ಸರಳು ಚುಚ್ಚಿ, ಕರೆಂಟ್ ಹಾಯಿಸಿ, ರೀಡಿಂಗ್ ನೋಡಿ ಹೇಳ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಮೇಲು ಅಂತ ನನ್ನ ಓದು ಹೇಳುತ್ತೆ. ಆದರೆ ಬೋರ್ ಲಾರಿ ಬಂದು ಕೊರೆಯೋವರೆಗೆ ನೀರಿದೆ ಅಂತ ಯಾರೂ ಹೇಳಲಾರರು. ಮಾಡೆಲ್ಲಿನ ಒಳಗೆ ಏನೋ ಹೊತ್ತಿಕೊಂಡಿತು ಅನ್ನೋದು ರೀಡಿಂಗ್ ಮಾತ್ರ. ಅದನ್ನು ಕೈಯಿಂದ ಬದಲಾಯಿಸಿದಾಗ ಉತ್ತರವೂ ಬದಲಾದರೆ, ಆಗ ಕೊರೆದು ನೋಡಿದ ಹಾಗೆ. 2025ರ ಆ ಕೆಲಸದಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. ಡಲ್ಲಾಸ್ ಇರುವ ರಾಜ್ಯದ ರಾಜಧಾನಿ ಯಾವುದು ಅಂದರೆ ಆಸ್ಟಿನ್ ಅನ್ನುತ್ತೆ. ನಡುವೆ 'ಟೆಕ್ಸಸ್' ಅನ್ನೋ ಫೀಚರ್ ಹೊತ್ತಿಕೊಳ್ಳೋದು ಕಾಣಿಸಿತು. ಅದನ್ನು ತೆಗೆದು ಅದೇ ಜಾಗಕ್ಕೆ 'ಕ್ಯಾಲಿಫೋರ್ನಿಯಾ' ಇಟ್ಟರು. ಉತ್ತರ ಸ್ಯಾಕ್ರಮೆಂಟೋ ಆಯಿತು. ಹೀಗಾಗಿ ಆ ನಡುವಿನ ಹೆಜ್ಜೆ ನಿಜವಾಗಿಯೂ ಕೆಲಸ ಮಾಡ್ತಿತ್ತು ಅಂತ ನಂಬಬಹುದು.

ಅದೇ ಕೆಲಸದಲ್ಲಿ ನನಗೆ ತುಂಬಾ ಕಾಡಿದ್ದು ಇನ್ನೊಂದು ಭಾಗ. ಗೊತ್ತಿಲ್ಲದ್ದನ್ನು ಕೇಳಿದಾಗ ಮಾಡೆಲ್ಲು ಕಟ್ಟುಕಥೆ ಹೇಳೋದು ಯಾಕೆ? ಹೈಕು ಒಳಗೆ 'ನನಗೆ ಗೊತ್ತಿಲ್ಲ' ಅನ್ನೋ ಸರ್ಕ್ಯೂಟು ಮೊದಲಿಂದಲೂ ಆನ್ ಆಗಿಯೇ ಇರುತ್ತೆ. ಪರಿಚಯದ ಹೆಸರೊಂದು ಬಂದಾಗ 'ಇದು ಗೊತ್ತಿರೋದೇ' ಅನ್ನೋ ಫೀಚರ್ ಎದ್ದು ಅದನ್ನು ಆಫ್ ಮಾಡುತ್ತೆ. ಹೆಸರು ಮಾತ್ರ ಪರಿಚಯ ಇದ್ದು ವಿವರ ಗೊತ್ತಿಲ್ಲದೆ ಹೋದರೆ? ಅಲ್ಲಿ ಎಡವಟ್ಟಾಗುತ್ತೆ. ಸಂಶೋಧಕರು ಒಂದು ಕಲ್ಪಿತ ಹೆಸರು ಕೊಟ್ಟು, ಆ 'ಗೊತ್ತಿರೋದೇ' ಫೀಚರನ್ನು ಬಲವಂತವಾಗಿ ಎಬ್ಬಿಸಿದಾಗ, ಇಲ್ಲದ ಆ ಮನುಷ್ಯ ಚೆಸ್ ಆಡ್ತಾನೆ ಅಂತ ಮಾಡೆಲ್ಲು ಹೇಳೋಕೆ ಶುರು ಮಾಡಿತು.

ಪಾವಗಡದ ಪಾಡೂ ಇದೇ ಇರಬೇಕು ಅನ್ನೋದು ನನ್ನ ಊಹೆ. ಸೋಲಾರ್ ಪಾರ್ಕಿನಿಂದ ಈ ಹೆಸರಿಗೆ ಪರಿಚಯ ಸಿಕ್ಕಿದೆ. ಆದರೆ ಪಾರ್ಕಿನ ಪಕ್ಕದ ಊರಿನ ಕೆರೆ ಯಾವ ವರ್ಷ ತುಂಬಿತು, ಗುತ್ತಿಗೆ ಪತ್ರದಲ್ಲಿ ಯಾವ ಷರತ್ತು ಎಲ್ಲಿದೆ, ಇದನ್ನೆಲ್ಲ ಇಂಟರ್‌ನೆಟ್ಟಿಗೆ ಯಾರೂ ಬರೆದು ಹಾಕಿಲ್ಲ. ಹೆಸರು ದೊಡ್ಡದು, ವಿವರ ಸೊನ್ನೆ. ನ್ಯೂಯಾರ್ಕಿನ ಬಗ್ಗೆ ಕೇಳಿದವನಿಗೆ ವಿವರ ಸಿಗುತ್ತೆ, ಯಾರಿಗೂ ಗೊತ್ತಿಲ್ಲದ ಕುಗ್ರಾಮದ ಬಗ್ಗೆ ಕೇಳಿದವನಿಗೆ 'ಗೊತ್ತಿಲ್ಲ' ಅನ್ನೋ ಪ್ರಾಮಾಣಿಕ ಉತ್ತರ ಸಿಗಬಹುದು. ನಮ್ಮಂಥ ಅರ್ಧಂಬರ್ಧ ಪ್ರಸಿದ್ಧ ತಾಲ್ಲೂಕುಗಳಿಗೆ ಸಿಗೋದು ಧೈರ್ಯವಾಗಿ ಹೇಳಿದ ಕಥೆ. ಕನ್ನಡದಲ್ಲಿ ಕೇಳಿದಾಗ ಆ 'ಗೊತ್ತಿಲ್ಲ' ಸರ್ಕ್ಯೂಟು ಇಂಗ್ಲಿಷಿನಷ್ಟೇ ಗಟ್ಟಿಯಾಗಿ ನಿಲ್ಲುತ್ತಾ? ಚಿಕ್ಕಪ್ಪನಂಥವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಅಂತ ನನಗನ್ನಿಸುತ್ತೆ.

ತಿರುಪಿನ ವಿಷಯಕ್ಕೆ ಇನ್ನೊಂದು ಮುಖ ಇದೆ. 2024ರ ಆ ನಿಘಂಟಿನಲ್ಲಿ ಸೇತುವೆ ಮಾತ್ರ ಇರಲಿಲ್ಲ. ಮೋಸದ ಇ-ಮೇಲ್‌ಗೆ ಒಂದು ಫೀಚರ್, ಅತಿಯಾಗಿ ಹೊಗಳೋದಕ್ಕೆ ಒಂದು ಫೀಚರ್ ಎಲ್ಲ ಇದ್ದವು. ಮೋಸದ್ದನ್ನು ಜೋರು ಮಾಡಿದಾಗ, ಸಾಮಾನ್ಯವಾಗಿ ಒಲ್ಲೆ ಅನ್ನೋ ಮಾಡೆಲ್ಲು ಅಂಥ ಇ-ಮೇಲ್ ಬರೆದುಕೊಟ್ಟಿತು. ಪ್ರಯೋಗಾಲಯದಲ್ಲಿ ಇದನ್ನು ಬರೆದು ಪ್ರಕಟಿಸ್ತಾರೆ, ಒಳ್ಳೇದೇ. ಆದರೆ ನಾಳೆ ರೈತರಿಗೆ ಗುತ್ತಿಗೆ ಬಗ್ಗೆ ಸಲಹೆ ಕೊಡೋ ಬಾಟೊಂದನ್ನು ಗುತ್ತಿಗೆ ಪಡೆಯುವವರೇ ಕಟ್ಟಿಸಿದರು ಅಂತಿಟ್ಟುಕೊಳ್ಳಿ. 'ಸಮಾಧಾನ ಮಾಡು' ಅನ್ನೋ ಕಡೆಗೆ ತಿರುಪು ಅರ್ಧ ಸುತ್ತು ತಿರುಗಿಸಿದರೆ ಸಾಕು. ಯಾವ ಉತ್ತರವೂ ಸುಳ್ಳಾಗಿರಲ್ಲ, ಎಲ್ಲ ಉತ್ತರವೂ ಸ್ವಲ್ಪ ಸ್ವಲ್ಪ ಒಂದೇ ಕಡೆಗೆ ವಾಲಿರುತ್ತೆ. ಹೊರಗಿನಿಂದ ನೋಡೋರಿಗೆ ಸಾಕ್ಷಿ ಸಿಗಲ್ಲ. ಆದ್ದರಿಂದ ಒಳಗೆ ನೋಡೋ ವಿದ್ಯೆ ಮಾಡೆಲ್ ಮಾಡಿದವರ ಕೈಯಲ್ಲಿ ಮಾತ್ರ ಇರೋದು ನನಗೆ ಇಷ್ಟವಿಲ್ಲ.

ವಿದ್ಯೆ ಇನ್ನೂ ಎಳಸು ಅನ್ನೋದನ್ನೂ ಹೇಳಬೇಕು. ತಾವು ಪ್ರಯತ್ನಿಸಿದ ಪ್ರಶ್ನೆಗಳಲ್ಲಿ ಸುಮಾರು ಕಾಲು ಭಾಗಕ್ಕೆ ಮಾತ್ರ ತೃಪ್ತಿಕರ ಒಳನೋಟ ಸಿಕ್ಕಿದೆ ಅಂತ ಆ ಸಂಶೋಧಕರೇ ಬರೆದಿದ್ದಾರೆ. ಕೆಲವೇ ಹತ್ತು ಪದಗಳ ಪ್ರಶ್ನೆಗೂ ಮನುಷ್ಯರು ಗಂಟೆಗಟ್ಟಲೆ ಕೂರಬೇಕು. ಚಿಕ್ಕಪ್ಪ ಒಂದು ಉಸಿರಿಗೆ ಕೇಳೋ ಪ್ರಶ್ನೆಯೇ ಅದಕ್ಕಿಂತ ಉದ್ದ.

ಆದರೂ ಮನೆಯಲ್ಲೇ ಕೂತು ಶುರು ಮಾಡೋದಕ್ಕೆ ಅಡ್ಡಿಯಿಲ್ಲ. ಗೂಗಲ್‌ನವರು 2024ರ ಜುಲೈನಲ್ಲಿ ತಮ್ಮ ಜೆಮ್ಮಾ-2 ಮಾಡೆಲ್ಲುಗಳ ಒಳಗಿನ ನಿಘಂಟುಗಳನ್ನು 'ಜೆಮ್ಮಾ ಸ್ಕೋಪ್' ಅಂತ ಎಲ್ಲರಿಗೂ ಬಿಟ್ಟುಕೊಟ್ಟರು. ಬ್ರೌಸರಿನಲ್ಲೇ ತೆರೆದು ನೋಡಬಹುದು. ಫೀಚರ್‌ಗಳಿಗೆ ಅಂಟಿಸಿರೋ ಹೆಸರುಗಳೆಲ್ಲ ಇಂಗ್ಲಿಷು, ಬಹುಪಾಲು ಹೆಸರಿಟ್ಟಿರೋದೂ ಇನ್ನೊಂದು ಮಾಡೆಲ್ಲೇ. ನಮ್ಮ ಅಕ್ಕ-ತಂಗಿಯರನ್ನು ಹುಡುಕಬೇಕಾದರೆ ನಮ್ಮ ವಾಕ್ಯಗಳನ್ನು ನಾವೇ ಕೊಟ್ಟು ನೋಡಬೇಕು.

ಅದಕ್ಕೊಂದು ಪಟ್ಟಿ ಮಾಡ್ತಿದ್ದೀನಿ. ಒಂದೇ ಪದದಲ್ಲಿ ವ್ಯತ್ಯಾಸ ಇರುವ ವಾಕ್ಯಗಳ ಜೋಡಿ. 'ಅಕ್ಕ ಬಂದಳು', 'ತಂಗಿ ಬಂದಳು'. 'ವರ್ಷಕ್ಕೊಮ್ಮೆ ಏರುತ್ತೆ', 'ಎರಡು ವರ್ಷಕ್ಕೊಮ್ಮೆ ಏರುತ್ತೆ'. ಪಕ್ಕದ ಕಾಲಂನಲ್ಲಿ ಅದರ ತೆಲುಗು. ಪುಸ್ತಕದ ತೆಲುಗು ಬೇಡ, ನಮ್ಮ ಮನೆ ತೆಲುಗೇ ಬೇಕು ಅಂತ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿ ಬರ್ಕೊಳ್ತೀನಿ. ಇದೆಲ್ಲ ಯಾಕೆ ಅಂತ ಅಮ್ಮ ಕೇಳಲ್ಲ. ಬೆಂಗಳೂರಿನಲ್ಲಿ ಇಂಥದ್ದಕ್ಕೂ ಸಂಬಳ ಕೊಡ್ತಾರೆ ಅಂದುಕೊಂಡಿರಬೇಕು. ನಿನ್ನೆ 'ನಮ್ಮ ಹೊಲ' ಅನ್ನೋ ಜೋಡಿಗೆ ಬಂದೆವು. ಸೋಲಾರ್‌ಗೆ ಹೋಗಿರೋ ಆರು ಎಕರೆಗೆ ಈಗ ಏನನ್ನಬೇಕಮ್ಮ, ಮನ ಚೇನು ಅಂತಲೋ ಮಾ ಚೇನು ಅಂತಲೋ ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೊದಲು ಅದು ಚೇನೇನಾ ಹೇಳು' ಅಂದಳು. ಆ ಸಾಲು ಇನ್ನೂ ಖಾಲಿ ಇದೆ.